ಗದ್ದೆಯಿಲ್ಲದ ನೀರಗಂಟಿ

ಅರಿಶಿನ ಬೇಯುವ ವಾಸನೆ ಬಂದರೆ ಕೆಲವರಿಗೆ ಮದುವೆ ಮನೆ ನೆನಪಾಗುತ್ತದಂತೆ. ನನಗೆ ಒಬ್ಬ ಮನುಷ್ಯ ನೆನಪಾಗುತ್ತಾನೆ. ಹೋದ ವಾರ ನಮ್ಮ ಕಣದಲ್ಲಿ ಒಲೆ ಹೂಡಿದ್ದರು. ಕೊಪ್ಪರಿಗೆಯಿಂದ ಎದ್ದ ಆವಿ, ಮಣ್ಣು ಬೆರೆತ ಆ ಘಾಟು, ಮನೆಯೊಳಗೆಲ್ಲ ತುಂಬಿಕೊಂಡಿತು. ನಾನು ಊಟದ ತಟ್ಟೆ ಬಿಟ್ಟು ಎದ್ದು ಜಗುಲಿಗೆ ಬಂದೆ. ಹೆಂಡತಿ ಏನಾಯಿತು ಎಂದು ಕೇಳಿದಳು. ಹೊಗೆ ಅಂದೆ.

ಅವನು ಹರವೆ ಕಡೆಯ ನಮ್ಮೂರಿನ ಕೆರೆಯ ನೀರಗಂಟಿ. ಕೆರೆಯ ತೂಬು ತೆಗೆದು, ಕೆಳಗಿನ ಗದ್ದೆಗಳಿಗೆಲ್ಲ ಸರದಿಯ ಮೇಲೆ ನೀರು ಹಾಯಿಸುವುದು ಅವನ ಕೆಲಸ. ‘ಅವನು’ ಎಂದೇ ಬರೆಯುತ್ತಿದ್ದೇನೆ. ನನಗಿಂತ ಮೂವತ್ತು ವರ್ಷ ದೊಡ್ಡವನು. ಆದರೆ ಚಡ್ಡಿ ಹಾಕುವ ವಯಸ್ಸಿನಿಂದಲೂ ನಾನು ಅವನನ್ನು ಏಕವಚನದಲ್ಲಿ ಕರೆದೆ, ಅವನು ನನ್ನನ್ನು ಬುದ್ದಿ ಎಂದು ಕರೆದ. ಸತ್ತ ಮೇಲೆ ಬಹುವಚನ ಕೊಟ್ಟರೆ ಅದೂ ನನ್ನ ಸುಳ್ಳುಗಳ ಸಾಲಿಗೆ ಸೇರುತ್ತದೆ.

ಆಗ ತೂಬಿಗೆ ಕಬ್ಬಿಣದ ಬಾಗಿಲಿರಲಿಲ್ಲ. ಎರಡು ಕಲ್ಲುಕಂಬದ ನಡುವೆ ನೀರಿನೊಳಗೆ ಮುಳುಗಿ ಮರದ ಬಿರಡೆ ಎಬ್ಬಿಸಬೇಕಿತ್ತು. ಅವನು ಲಂಗೋಟಿಯಲ್ಲಿ ಮುಳುಗಿದರೆ ದಡದ ಮೇಲೆ ನಿಂತ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಮೇಲೆ ಬಂದವನೇ ಮಣ್ಣು ಎಳೆಯುವ ಸನಿಕೆ ಹೆಗಲಿಗೇರಿಸಿ ಕಾಲುವೆಯ ಉದ್ದಕ್ಕೂ ನೀರಿನ ಮುಂದೆ ನಡೆಯುತ್ತಿದ್ದ. ಮೊದಲು ಕೊನೆಯ ಗದ್ದೆಗೆ. ಅದು ಊರಿನ ಕಟ್ಟಳೆ. ತೂಬಿನ ಬಾಯಲ್ಲೇ ಇದ್ದ ನಮ್ಮ ಗದ್ದೆಗೆ ಎಲ್ಲರಿಗಿಂತ ಕೊನೆಗೆ. ಗದ್ದೆಯಲ್ಲಿ ಕಾಲಿಟ್ಟು, ಹಿಮ್ಮಡಿ ಮುಳುಗಿದರೆ ಸಾಕು, ನೀರು ಒಳಬರುವ ಮಡೆ ಕಟ್ಟಿಬಿಡುತ್ತಿದ್ದ. ನಮ್ಮಪ್ಪ ಬದುವಿನ ಮೇಲೆ ನಿಂತು, "ಇನ್ನೊಂದ್ ಗಳಿಗೆ ಬುಡ್ಲಾ" ಅಂದರೂ ಬಿಡುತ್ತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಹೊರೆ ಭತ್ತ ಅವನ ಮನೆಗೆ ಹೋಗುತ್ತಿತ್ತು.

ಅವನಿಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕೇಳಿದ್ದೆ, ಊರಿಗೆಲ್ಲ ನೀರು ಕೊಡ್ತೀಯ, ನಿನಗೊಂದು ಗದ್ದೆ ಬೇಡವಾ ಎಂದು. ಅವನು ಸನಿಕೆಯ ಮಣ್ಣು ಕೆರೆಯುತ್ತಾ ಹೇಳಿದ:

"ನಂಗೊಂದ್ ಗದ್ದೆ ಇದ್ರೆ ನನ್ ಕಣ್ಣು ಅಲ್ಗೇ ಓಯ್ತದೆ ಬುದ್ದಿ."

ಅದನ್ನು ಅವನು ದೊಡ್ಡ ಮಾತಿನಂತೆ ಹೇಳಲಿಲ್ಲ. ಬಿಸಿಲು ಜಾಸ್ತಿ ಎನ್ನುವಂತೆ ಹೇಳಿದ…

ಕೆರೆ ಅರ್ಧಕ್ಕೆ ನಿಂತ ಒಂದು ವರ್ಷ ನಮ್ಮಪ್ಪ ಗದ್ದೆಯಲ್ಲಿ ಬೋರು ಕೊರೆಸಲು ಲಾರಿ ತರಿಸಿದ. ಕೆರೆಯ ಏರಿಗೆ ಅಂಟಿಕೊಂಡ ಜಾಗ. ಊರಿನಲ್ಲಿ ಅದೇ ಮೊದಲ ಬೋರು. ನೀರಗಂಟಿ ಓಡಿ ಬಂದು ನಮ್ಮ ಮನೆಯ ಅಂಗಳದ ಆಚೆ ನಿಂತ. ಒಳಗೆ ಬಾ ಎಂದು ನಾವ್ಯಾರೂ ಅನ್ನಲಿಲ್ಲ.

"ಬುದ್ದಿ, ನೆಲದೊಳಗಿನ್ ನೀರೂವೆ ಕೆರೇದೇ ಅಲ್ವಾ? ಇಲ್ಲಿ ಎಳುದ್ರೆ ಅಲ್ಲಿ ಇಳೀತದೆ" ಅಂದ.

"ನನ್ ಜಮೀನು, ನನ್ ಬೋರು. ನಿಂಗ್ಯಾಕ್ಲಾ?" ಅಂದ ಅಪ್ಪ.

ನೀರು ಚಿಮ್ಮಿದ ದಿನ ಊರಿಗೆ ಊರೇ ನೋಡಲು ಬಂತು. ನಾನು ಆ ಕೆಸರು ನೀರಿನಲ್ಲಿ ಕುಣಿದೆ. ನಾಲ್ಕೈದು ವರ್ಷಗಳಲ್ಲಿ ಅನುಕೂಲವಿದ್ದವರೆಲ್ಲ ಕೊರೆಸಿದರು. ಭತ್ತ ಹೋಯಿತು, ಅರಿಶಿನ ಬಂತು, ಬಾಳೆ ಬಂತು. ಕೆರೆ ಒಣಗಿ ಜಾಲಿ ಬೆಳೆಯಿತು. ಬೋರಿಗೆ ಸರದಿ ಬೇಕಿರಲಿಲ್ಲ. ಸರದಿ ಬೇಡವಾದ ಮೇಲೆ ನೀರಗಂಟಿಯೂ ಬೇಕಾಗಲಿಲ್ಲ. ಹೊರೆ ಕೊಡುವುದನ್ನು ಯಾರು ಮೊದಲು ನಿಲ್ಲಿಸಿದರೋ ಗೊತ್ತಿಲ್ಲ. ಪಕ್ಕದ ಕಣದವರು ಕೊಡಲಿಲ್ಲವಂತೆ ಎಂದು ನಾವೂ ಕೊಡಲಿಲ್ಲ. ನಾವು ಕೊಡಲಿಲ್ಲವಂತೆ ಎಂದು ಅವರು ಹೇಳಿಕೊಂಡು ತಿರುಗಿದರು.

ಅವನು ಕೂಲಿಗೆ ಹೋಗತೊಡಗಿದ. ಆದರೂ ಮಳೆಗಾಲಕ್ಕೆ ಮುಂಚೆ ಒಂದಷ್ಟು ದಿನ ಸನಿಕೆ ಹಿಡಿದು ಒಬ್ಬನೇ ಕಾಲುವೆಯ ಹೂಳು ತೆಗೆಯುತ್ತಿದ್ದ. ಹಿಂದೆ ಆ ಕೆಲಸಕ್ಕೆ ಮನೆಗೊಬ್ಬ ಆಳು ಬರಬೇಕಿತ್ತು. ಈಗ ನೀರೇ ಬಾರದ ಕಾಲುವೆ ಬಳಿಯುವವನನ್ನು ನೋಡಿ ನಾವು ನಕ್ಕೆವು. ಅವನು ಬಳಿದು ಹೋದ ಹಿಂದೆಯೇ ಅಕ್ಕಪಕ್ಕದವರು ಬದು ಸರಿಸಿಕೊಂಡರು. ಇವರು ಅರ್ಧ ಸಾಲು, ಅವರು ಒಂದು ಸಾಲು. ಕಾಲುವೆ ಯಾರ ಅಪ್ಪನದೂ ಆಗಿರಲಿಲ್ಲವಲ್ಲ…

ಅಪ್ಪ ತೀರಿಕೊಂಡ ಮೇಲೆ ಜಮೀನು ನನ್ನ ಕೈಗೆ ಬಂತು. ಕೆರೆ ತುಂಬಿ ಹೆಚ್ಚಾದ ನೀರು ಹರಿದು ಹೋಗುವ ಕೋಡಿ ಹಳ್ಳ ನಮ್ಮ ಹೊಲದ ಅಂಚಿನಲ್ಲೇ ಇತ್ತು. ಕೋಡಿ ಬಿದ್ದು ಎಷ್ಟೋ ವರ್ಷವಾಗಿತ್ತು. ಜೆಸಿಬಿ ತರಿಸಿ ಹಳ್ಳ ಮುಚ್ಚಿಸಿದೆ, ಆಚೆಗೊಂದು ದಪ್ಪ ಬದು ಹಾಕಿಸಿದೆ. ನಾಲ್ಕು ಸಾಲು ಅರಿಶಿನಕ್ಕೆ ಜಾಗವಾಯಿತು. ನೀರಗಂಟಿ ಬಂದು ಜೆಸಿಬಿಯನ್ನು ನೋಡುತ್ತಾ ನಿಂತಿದ್ದ. ಏನೂ ಅನ್ನಲಿಲ್ಲ. ಅಂದಿದ್ದರೂ ನಾನು ಅಪ್ಪನ ಮಾತನ್ನೇ ಹೇಳುತ್ತಿದ್ದೆ.

ಆಮೇಲೆ ನದಿಯ ನೀರನ್ನು ಪೈಪಿನಲ್ಲಿ ತಂದು ಕೆರೆ ತುಂಬಿಸುವ ಯೋಜನೆ ಬಂತು. ಜಾಲಿ ಮುಳುಗಿತು, ನೀರುಕೋಳಿ ಬಂದವು. ಆ ವರ್ಷವೇ ಹಿಂಗಾರು ಬಿಡದೆ ಸುರಿಯಿತು. ತುಂಬಿದ ಕೆರೆಯ ಮೇಲೆ ಮೂರು ದಿನದ ಮಳೆ. ಕೋಡಿ ಬಿತ್ತು.

ನೀರು ಹಳೆಯ ದಾರಿಯಲ್ಲೇ ಬಂತು. ನನ್ನ ಬದುವಿಗೆ ತಡೆದು, ತಿರುಗಿ, ಕೆಳಗಿನ ಕೇರಿಗೆ ನುಗ್ಗತೊಡಗಿತು. ಅವನ ಮನೆ ಇದ್ದದ್ದು ಅಲ್ಲಿ. ಮಧ್ಯಾಹ್ನದ ಹೊತ್ತಿಗೆ ಅವನು ಗೋಣಿಕೊಪ್ಪೆ ಹಾಕಿಕೊಂಡು, ಸನಿಕೆ ಹಿಡಿದು ಹೊಲಕ್ಕೆ ಬಂದ. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದೆ.

"ಬುದ್ದಿ, ಬದು ಒಡೀಬೇಕು. ಈಗ್ಲೇ. ಕೇರೀಲಿ ಮೊಣಕಾಲುದ್ದ ನಿಂತದೆ."

ಅರಿಶಿನ ಅಗೆಯಲು ಇನ್ನು ಎರಡು ತಿಂಗಳಿತ್ತು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ನಾನು ಆಕಾಶ ನೋಡಿದೆ.

"ಮಳೆ ಇಳೀತಾ ಅದೆ ಕಣೋ. ಸಾಯಂಕಾಲ್ದ್ ಗಂಟ ನೋಡನ" ಅಂದೆ.

"ಮಣ್ ಗೋಡೆ ಬುದ್ದಿ. ತಡ್ಯಕಿಲ್ಲ. ನೀವು ಊಂ ಅನ್ನಿ, ನಾನ್ ಒಡೀತೀನಿ."

ಸನಿಕೆ ಅವನ ಕೈಯಲ್ಲೇ ಇತ್ತು. ನನ್ನ ಕೈಯಲ್ಲಿದ್ದದ್ದು ಕೊಡೆ. ನಾಲ್ಕು ಏಟು ಹಾಕಿದ್ದರೆ ಮುಗಿಯುತ್ತಿತ್ತು, ನನ್ನಿಂದ ತಡೆಯಲಾಗುತ್ತಿರಲಿಲ್ಲ. ಅವನು ನನ್ನ ಬಾಯನ್ನೇ ನೋಡುತ್ತಾ ಮಳೆಯಲ್ಲಿ ನಿಂತ. ನಾನು ಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಕೇರಿಯ ಕಡೆ ಓಡಿದ.

ಸಂಜೆಯೊಳಗೆ ಐದು ಮನೆ ಬಿದ್ದವು. ಅವನ ಮನೆಯ ಗೋಡೆ ಅವನ ಹೆಂಡತಿಯ ಕಾಲಿನ ಮೇಲೆ ಬಿತ್ತು. ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಲು ನನ್ನ ಟೆಂಪೊವನ್ನೇ ಕೊಟ್ಟೆ. ಅದಕ್ಕೆ ಊರಿನವರು ನನ್ನನ್ನು ಹೊಗಳಿದರು.

ಎರಡು ದಿನದ ಮೇಲೆ ಅಧಿಕಾರಿಗಳು ಬಂದರು. ಬಿದ್ದ ಗೋಡೆಗಳ ಮುಂದೆ ನಿಂತು, ಅತಿವೃಷ್ಟಿಯಿಂದ ಮನೆ ಕುಸಿದಿದೆ ಎಂದು ಮಹಜರು ಬರೆದರು. ಊರಿನ ಪ್ರಮುಖರು ಸಾಕ್ಷಿಗೆ ರುಜು ಹಾಕಬೇಕಿತ್ತು. ಮೊದಲ ರುಜು ನನ್ನದು. ಕೋಡಿ ಹಳ್ಳದ ಮಾತು ಯಾರೂ ಎತ್ತಲಿಲ್ಲ. ಎತ್ತಬಹುದಾಗಿದ್ದವರ ಒಬ್ಬೊಬ್ಬರ ಹೊಲದಲ್ಲೂ ಕಾಲುವೆಯ ಒಂದೊಂದು ತುಂಡು ಇತ್ತು. ನೀರಗಂಟಿ ಬೇವಿನ ಮರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅಧಿಕಾರಿ, "ಏನಾದ್ರೂ ಹೇಳೋದಿದೆಯೇನಪ್ಪ?" ಎಂದು ಕೇಳಿದರು. ಅವನು ನನ್ನ ಕಡೆ ಒಮ್ಮೆ ನೋಡಿ, ಇಲ್ಲ ಎಂದು ತಲೆಯಾಡಿಸಿದ.

ಆ ವರ್ಷದ ಅರಿಶಿನ ಚೆನ್ನಾಗಿ ಬಂತು.

ಅವನ ಹೆಂಡತಿ ಮತ್ತೆ ನಡೆಯಲಿಲ್ಲ. ಇಬ್ಬರೂ ಗುಂಡ್ಲುಪೇಟೆಯಲ್ಲಿದ್ದ ಮಗಳ ಮನೆಗೆ ಹೊರಟು ಹೋದರು. ಮಾರನೆಯ ವರ್ಷ ಆಕೆ ತೀರಿಕೊಂಡಳೆಂದು ಯಾರೋ ಹೇಳಿದರು. ಹೋಗಬೇಕು ಅಂದುಕೊಂಡೆ… ಹೋಗಲಿಲ್ಲ.

ಅವನನ್ನು ಕೊನೆಯ ಸಲ ನೋಡಿದ್ದು ಅಲ್ಲಿಯೇ. ಚೆಂಡುಹೂವಿನ ಸಸಿ ತರಲು ಗುಂಡ್ಲುಪೇಟೆಗೆ ಹೋದವನು ಬಸ್ ತಪ್ಪಿ, ಒಂದು ಬೀದಿಯಲ್ಲಿ ನಡೆಯುತ್ತಿದ್ದೆ. ನಲ್ಲಿಯ ಮುಂದೆ ಕೊಡಗಳ ಸಾಲು. ಪಕ್ಕದ ಕಟ್ಟೆಯ ಮೇಲೆ ಅವನು ಕೂತಿದ್ದ. ಹೆಂಗಸೊಬ್ಬಳು ಕೊಡ ಮುಂದಕ್ಕೆ ನೂಕಿದಳು. ಅವನು, "ಮೊದ್ಲು ಆಯಮ್ಮಂದು ಕಣಮ್ಮಿ, ದೂರದಿಂದ ಬಂದವ್ಳೆ" ಅಂದ. ಅವಳು ಗೊಣಗುತ್ತಲೇ ಕೊಡ ಹಿಂದಕ್ಕೆಳೆದುಕೊಂಡಳು. ಯಾರೂ ನೇಮಿಸದಿದ್ದರೂ ಆ ಬೀದಿಯವರು ಅವನ ಮಾತು ಕೇಳುತ್ತಿದ್ದರು.

ನನ್ನನ್ನು ಕಂಡು ಏಳಲು ಹೋದ. ಬೇಡ ಅಂದು ಪಕ್ಕದಲ್ಲಿ ಕೂತೆ. ಜೀವನದಲ್ಲಿ ಮೊದಲ ಸಲ ಅವನ ಪಕ್ಕ ಕೂತದ್ದು. ಏನು ಹೇಳಲೂ ತೋಚದೆ, ಕೆರೆ ತುಂಬಿದೆ ಅಂದೆ.

"ನಾಕ್ ಸಾಲು ಅರ್ಶಿನ ಅಲ್ವಾ ಬುದ್ದಿ, ಆ ಹಳ್ಳದಲ್ಲಿ ಬಂದಿದ್ದು?"

ನಾನು ತಲೆ ತಗ್ಗಿಸಿದೆ.

"ಅವತ್ತು ನಾನು ಕೇಳ್ಬಾರ್ದಾಗಿತ್ತು. ಒಡುದ್ಬುಡ್ಬೇಕಾಗಿತ್ತು. ಊರು ಊಂ ಅನ್ನದೆ ಒಂದ್ ಮಡೇನೂ ಒಡುದೋನಲ್ಲ ನಾನು. ಊರೇ ಇರ್ನಿಲ್ಲ ಅನ್ನದು ನಂಗೆ ಒಳೀನಿಲ್ಲ, ನೋಡಿ."

ಬೈದಿದ್ದರೆ ಮನೆಗೆ ಬಂದು ಮಲಗಿ ನಿದ್ದೆ ಮಾಡುತ್ತಿದ್ದೆನೇನೋ. ಅವನು ಬೈಯಲಿಲ್ಲ. ತಪ್ಪಾಯಿತು ಎಂಬ ಮಾತು ನನ್ನ ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ನಲ್ಲಿಯಲ್ಲಿ ಜಗಳ ಶುರುವಾಗಿ ಅವನು ಆ ಕಡೆ ತಿರುಗಿದ. ನಾನು ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಮುಂದಿನ ಬೇಸಿಗೆಯಲ್ಲಿ ಅವನು ಹೋದ ಸುದ್ದಿ ಬಂತು. ಮಣ್ಣಿಗೂ ನಾನು ಹೋಗಲಿಲ್ಲ.

ಈಗ ನಮ್ಮ ಕೆರೆಯಲ್ಲಿ ನೀರಿದೆ. ಬೋರುಗಳು ಒಂದೊಂದಾಗಿ ಕೈಕೊಟ್ಟ ಮೇಲೆ ಎಲ್ಲರಿಗೂ ಮತ್ತೆ ತೂಬಿನ ನೀರು ಬೇಕಾಗಿದೆ. ಸರದಿ ಯಾರಿಗೂ ಗೊತ್ತಿಲ್ಲ. ಹೋದ ತಿಂಗಳು ಊರ ಸಭೆಯಲ್ಲಿ ನೀರಗಂಟಿಯನ್ನು ನೇಮಿಸೋಣ ಎಂದು ಒಬ್ಬರು ಹೇಳಿದರು. ಯಾರನ್ನು ಎಂದರೆ ಹೆಸರು ಸಿಗಲಿಲ್ಲ. ಎಲ್ಲರೂ ನಂಬುವ ಒಬ್ಬನೇ ಒಬ್ಬ ಮನುಷ್ಯ ನಮ್ಮೂರಿನಲ್ಲಿ ಇರಲಿಲ್ಲ. ಕೊನೆಗೆ ಮೇಲಿನ ಬೀದಿಯವರು, ಕೆಳಗಿನ ಬೀದಿಯವರು, ಕೊನೆಗದ್ದೆಯವರು ಸೇರಿ ತೂಬಿನ ಕಬ್ಬಿಣದ ಬಾಗಿಲಿಗೆ ಮೂರು ಬೀಗ ಜಡಿದು, ಕಡೆಗೊಬ್ಬರಂತೆ ಒಂದೊಂದು ಬೀಗದ ಕೈ ಇಟ್ಟುಕೊಂಡರು. ಮೂವರೂ ಬಂದರೆ ಮಾತ್ರ ನೀರು. ಮೂವರೂ ಒಟ್ಟಿಗೆ ಇನ್ನೂ ಬಂದಿಲ್ಲ. ಕೆಳಗೆ ಪೈರು ಒಣಗುತ್ತಿದೆ, ಮೇಲೆ ಕೆರೆ ತುಂಬಿ ನಿಂತಿದೆ.

ಮೇಲಿನ ಬೀದಿಯ ಬೀಗದ ಕೈ ನನ್ನ ಜೇಬಿನಲ್ಲಿದೆ. ಉಳಿದ ಇಬ್ಬರು ಬರಲಿ, ಆಮೇಲೆ ಹೋಗುತ್ತೇನೆ ಎಂದು ನಾನೂ ಕೂತಿದ್ದೇನೆ.