ಯಾವ ಬಸ್ಸಿಗೆ ಇಡಬೇಕು?

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು, ಮಹಡಿ ಮೇಲೆ, ಆಗ ನನ್ನದೊಂದು ಕಂಪ್ಯೂಟರ್ ಕ್ಲಾಸ್ ಇತ್ತು. ಕೆಳಗೆ ಸೀರೆ ಅಂಗಡಿ. ಅಂಗಡಿಯ ಸಾಹೇಬರು ಊರಿನ ನೇಕಾರರಿಂದ ಸೀರೆ ಕೊಂಡು ಮಾರುವವರು. ಹೊರಗಿನ ಯಾರೋ ಅವರಿಗೆ ಇಂಗ್ಲಿಷಿನಲ್ಲಿ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಅದನ್ನು ಕನ್ನಡಕ್ಕೂ ತರಲೇಬೇಕೆಂದು ಹಟ ಹಿಡಿದವಳು ನಾನೇ.

ಕನ್ನಡ ಪುಟ ತೆರೆದುಕೊಂಡ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಡಿ, ಸೆರಗು, ಒಡಲು ಎಲ್ಲ ನಮ್ಮ ಮಾತಿನಲ್ಲೇ. ಬಂದವರನ್ನೆಲ್ಲ ಕರೆದು ತೋರಿಸಿದೆ, ಚಹಾ ಕುಡಿಸಿದೆ. ಆರ್ಡರ್ ಮಾತ್ರ ಒಂದೂ ಬರಲಿಲ್ಲ.

"ಇಂಗ್ಲಿಷಿನಾಗ ನಾಕಾರು ಆರ್ಡರ್ ಬಂದಾವ. ಈ ವಾರ ಇದರಾಗ ಒಂದರೆ ಬರಲಿಲ್ಲಂದ್ರ ಕನ್ನಡ ತಗದ ಒಗದ ಬಿಡೂನ್ರಿ" ಎಂದರು ಸಾಹೇಬರು.

ಮೈಯೆಲ್ಲ ಉರಿಯಿತು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

ವಾರದ ಕೊನೆಯ ದಿನ ಬೆಳಿಗ್ಗೆ ಕೊಣ್ಣೂರಿನಿಂದ ಒಬ್ಬ ಸಾಲಿ ಟೀಚರ್ ಫೋನ್ ಮಾಡಿದರು. ಬಸುರಿ ತಂಗಿಯ ಕುಬಸದ ಶಾಸ್ತ್ರಕ್ಕೆ, ಅಂದರೆ ಸೀಮಂತಕ್ಕೆ, ನಮ್ಮ ಪುಟದಲ್ಲಿದ್ದ ಹಸಿರು ಸೀರೆಯೇ ಬೇಕಿತ್ತು.

"ನಿಮ್ಮ ಕಂಪ್ಯೂಟರ್ ನನ್ನ ವಿಳಾಸ ಮಾನ್ಯ ಇಲ್ಲ ಅಂತೈತಿ. ನಾ ಹುಟ್ಟಿದ ಮನಿ ರೀ ಇದು."

"ಮನಿ ನಂಬರ್ ಅಂತ ಇದ್ದಲ್ಲೆ ಏನ್ ಬರದೀರಿ?"

"ಯಾರನ್ನ ಕೇಳಿದ್ರೂ ತೋರಸ್ತಾರ ಅಂತ ಬರದೇನ್ರಿ."

ಬಿದ್ದು ಬಿದ್ದು ನಕ್ಕೆ. ನಗು ನಿಂತ ಮೇಲೆ ವಿಷಯ ತಲೆಗೆ ಹೋಯಿತು. ನಮ್ಮ ಸುತ್ತಲಿನ ಯಾವಗಲ್, ಜಕ್ಕಲಿಯಂಥ ಊರುಗಳಲ್ಲಿ ನಂಬರು ಹೇಳಿ ಮನೆ ಹುಡುಕಿದವರನ್ನು ನಾನು ಕಂಡೇ ಇಲ್ಲ. ಮಾತುಗಳನ್ನಷ್ಟೇ ಕನ್ನಡಕ್ಕೆ ತಂದಿದ್ದೆ. ಕೇಳುವ ಪ್ರಶ್ನೆಗಳು ಬೇರೆ ಊರಿನವಾಗಿಯೇ ಉಳಿದಿದ್ದವು. ಆ ಚೌಕದಲ್ಲಿ ಅಂಕಿಯೇ ಇರಬೇಕೆಂಬ ನಿಯಮವನ್ನು ಕಿತ್ತುಹಾಕಿದೆ.

ಸಾಹೇಬರು "ಫೋನಿನಾಗ ಬರಕೊಂಡ ಬಿಡ್ರಿ" ಎಂದರು. ಟೀಚರ್ ನನಗಿಂತ ಹಟದವರು. "ಫೋನಿನಾಗ ಹೇಳೂದಿದ್ರ ಇದನ್ಯಾಕ ಮಾಡೀರಿ? ನೀವು ರಿಪೇರಿ ಮಾಡ್ರಿ, ನಾ ಇಲ್ಲೆ ನೆಟ್ ಅಂಗಡ್ಯಾಗ ಕುಂತಿರ್ತೇನಿ." ಆ ಮಾತಿಗೆ ನನಗೆ ಆನೆಬಲ ಬಂತು.

ಅವರು ಮತ್ತೆ ಕಳಿಸಿದರು. ಆರ್ಡರ್ ಬಂತು! ಆದರೆ ಹೆಸರಿನಿಂದ ಹಿಡಿದು ಊರಿನವರೆಗೆ ಬರೀ ಪ್ರಶ್ನೆ ಚಿಹ್ನೆಗಳ ಸಾಲು. ಮುಂದೆ ಕಾಣುವ ಪುಟಕ್ಕೆ ಕನ್ನಡ ಬರುತ್ತಿತ್ತು, ಹಿಂದೆ ಆರ್ಡರ್ ಕೂಡಿಡುವ ಉಗ್ರಾಣಕ್ಕೆ ಬರುತ್ತಿರಲಿಲ್ಲ. ಊಟ ಬಿಟ್ಟು ಕೂತೆ. ಒಂದು ಸೆಟ್ಟಿಂಗನ್ನು ಯೂನಿಕೋಡಿಗೆ ಬದಲಿಸಿದರೆ ಅದೇ ಪ್ರಶ್ನೆ ಚಿಹ್ನೆ. ಇನ್ನೊಂದನ್ನು ಬದಲಿಸಿದರೆ ಯಾವ ದೇಶದ್ದೋ ಗೀಚು. ಹಾಳಾಗಿ ಹೋಗಲಿ ಎಂದು ಇದ್ದಬದ್ದ ಎಲ್ಲವನ್ನೂ ಬದಲಿಸಿ, ಕೊಣ್ಣೂರಿಗೆ ಫೋನ್ ಮಾಡಿ ಇನ್ನೊಮ್ಮೆ ಕಳಿಸಿರೆಂದೆ. ಪರದೆಯ ಮೇಲೆ 'ಕೊಣ್ಣೂರು' ಎಂದು ಮೂಡಿದಾಗ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಅಷ್ಟು ಖುಷಿ ನನ್ನ ಪರೀಕ್ಷೆಯ ಫಲಿತಾಂಶ ಬಂದಾಗಲೂ ಆಗಿರಲಿಲ್ಲ.

ಸಾಹೇಬರು ಮೇಲೆ ಬಂದು ವಿಳಾಸ ಓದಿದರು. "ಚಲೋ ಆತು. ಯಾವ ಬಸ್ಸಿಗೆ ಇಡೂದು?"

ಅದು ಅವರ ಅಂಗಡಿಯ ರೂಢಿ. ಗಂಟು ಕಟ್ಟುವ ಮೊದಲು ಕೇಳುವುದು ಮನೆಯನ್ನಲ್ಲ, ಬಸ್ಸನ್ನು. ಕಂಡಕ್ಟರ್ ಕೈಗೆ ಕೊಟ್ಟರೆ ಆ ಊರಿನಲ್ಲಿ ಗೊತ್ತಿದ್ದವರು ಇಳಿಸಿಕೊಳ್ಳುತ್ತಾರೆ. ಮಹಡಿ ಮೇಲೆ ಕೂತು ದಿನಾ ಕೇಳಿಸಿಕೊಂಡ ಮಾತು ಅದು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ಮನೆ ನಂಬರಿನ ಚೌಕವನ್ನೇ ತೆಗೆದು ಅಲ್ಲಿ ಹೊಸದು ಬರೆದೆ: 'ಯಾವ ಬಸ್ಸಿಗೆ ಇಡಬೇಕು? ಯಾರು ಇಳಿಸಿಕೊಳ್ಳುತ್ತಾರೆ?' ಟೀಚರ್ ಬೇಸರಿಸದೆ ಮತ್ತೆ ತುಂಬಿ ಕಳಿಸಿದರು: 'ನಾಳಿ ಮಧ್ಯಾಹ್ನ ನರಗುಂದದ ಮ್ಯಾಲಿಂದ ಬರೂ ಬಸ್ಸು. ಸ್ಟ್ಯಾಂಡಿನಾಗ ನಾನ ನಿಂತಿರ್ತೇನಿ. ಹೊಳಿ ನೀರು ಇಳದೈತಿ, ಹಾದಿ ತೆರದೈತಿ, ಕಾಳಜಿ ಮಾಡಬ್ಯಾಡ್ರಿ.'

ಸಾಹೇಬರು ಅದನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಜೋರಾಗಿ ಓದಿದರು. ಸೀರೆ ಕಟ್ಟಿಸಲು ಹೊರಟರು. ಕನ್ನಡ ಪುಟ ಉಳಿಯಿತೋ ಹೋಯಿತೋ ತಿಳಿಯದೆ ನಾನೂ ಅವರ ಹಿಂದೆ ಬಾಗಿಲವರೆಗೆ ಹೋದೆ. ಮೆಟ್ಟಿಲ ಮೇಲೆ ನಿಂತು ಅವರು ತಿರುಗಿದರು.

"ಆ ಇಂಗ್ಲಿಷ್ ಪುಟದಾಗ ಬಸ್ಸಿಂದು ಕೇಳಂಗಿಲ್ಲಲ್ಲ? ಅದನ್ನೂ ಇದರಂಗ ಮಾಡ್ರಿ."