ಟರ್ಕಿಯಲ್ಲಿ ಸತ್ತವನಿಗೆ ಪರ್ಕಳದಲ್ಲಿ ಬಡಿಸಿದೆವು

ಬಿಸ್ಕತ್ತು ಬಾಯಿಗಿಡುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದರು. "ತಡಿ, ಮೊದಲು ಅವನಿಗೆ ಬಡಿಸಬೇಕಲ್ವಾ?"

ನಮ್ಮ ಪರ್ಕಳದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನ್ಯೂಜಿಲೆಂಡಿನ ವಿದ್ಯಾರ್ಥಿನಿ ಆ ಬೆಳಿಗ್ಗೆ ಓಟ್ಸ್, ತೆಂಗಿನತುರಿ ಹಾಕಿದ ಬಿಸ್ಕತ್ತು ಮಾಡಿ ತಂದಿದ್ದಳು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ದೇಶಗಳ ಯುವಕರು ತಾವಾಗಿಯೇ ಸೇರಿದ್ದ ಜಂಟಿ ಸೈನ್ಯ ಟರ್ಕಿಯ ಕಡಲತೀರದಲ್ಲಿ ಇಳಿದ ದಿನವಂತೆ ಅದು. ಅವಳ ಮುತ್ತಜ್ಜನ ಅಣ್ಣ ಅಲ್ಲೇ ಸತ್ತಿದ್ದ. ವಯಸ್ಸು ಹತ್ತೊಂಬತ್ತು, ಹೆಣವೂ ಸಿಗಲಿಲ್ಲ ಎಂದು ತಾನು ಕಲಿತಷ್ಟು ಕನ್ನಡದಲ್ಲಿ ಹೇಳಿದಳು.

ಅತ್ತೆ ಹಿತ್ತಲಿನಿಂದ ಬಾಳೆಲೆ ಕೊಯ್ದು ತಂದರು. ಒಳಕೋಣೆಯಲ್ಲಿ ಹಾಸಿ, ಎರಡು ಬಿಸ್ಕತ್ತು, ಒಂದು ಲೋಟ ಚಹಾ ಇಟ್ಟು ಬಾಗಿಲು ಎಳೆದರು. ಸತ್ತವರಿಗೆ ಬಡಿಸಿದ ಮೇಲೆ ಅವರು ಉಂಡು ಹೋಗಲೆಂದು ನಾವು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಹುಡುಗಿ ಏನೆಂದುಕೊಳ್ಳುತ್ತಾಳೋ ಎಂದು ನನಗೆ ಮುಜುಗರ. ಅವಳು ಮುಚ್ಚಿದ ಬಾಗಿಲಿನ ಮುಂದೆ ತಲೆ ತಗ್ಗಿಸಿ ನಿಂತುಬಿಟ್ಟಳು. ಅವರ ಊರಿನಲ್ಲೂ ಆ ದಿನ ಎಲ್ಲರೂ ಹಾಗೆ ಮೌನವಾಗಿ ನಿಲ್ಲುತ್ತಾರಂತೆ. ಬಾಗಿಲು ಮುಚ್ಚಿದಾಗ ಹೊರಗೆ ಕುಳಿತು ಹರಟುವ ನಾವೂ ಅಂದು ಎದ್ದು ನಿಂತೆವು.

ಓದು ಮುಗಿಸಿ ಅವಳು ಊರಿಗೆ ಹೋದಳು. ಈ ವರ್ಷ ಆಟಿ ತಿಂಗಳಲ್ಲಿ ನಮ್ಮ ಹಿರಿಯರಿಗೆ ಬಡಿಸುವಾಗ, ಎಲೆ ಒಂದು ಹೆಚ್ಚಾಯಿತಲ್ಲ ಎಂದೆ. ಅತ್ತೆ ಅದಕ್ಕೂ ಅನ್ನ ಬಡಿಸಿದರು. "ಇರ್ಲಿ. ಅವನಿಗೆ ಈಗ ನಮ್ಮ ಮನೆ ಗೊತ್ತುಂಟು."