ಪಾನಾ ಅಜ್ಜನ ಕೊನೆಯ ಕಂತು

ಬೆಳಿಗ್ಗೆ ಹನ್ನೊಂದಕ್ಕೆ ಒಂಬತ್ತನೇ ತರಗತಿಯ ಮಕ್ಕಳಿಗೆ, ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲಾರದು ಎಂದು ಪಾಠ ಮಾಡುತ್ತೇನೆ. ಸಂಜೆ ಮನೆಗೆ ಬಂದು, ಬೆಳಕನ್ನು ಹಿಂದೆ ಹಾಕಿ ಓಡುವ ಹಡಗನ್ನು ನೋಡಿ ಚಪ್ಪಾಳೆ ತಟ್ಟುತ್ತೇನೆ. ಶಿರಸಿಯಲ್ಲಿ ಇಷ್ಟು ವರ್ಷ ವಿಜ್ಞಾನ ಕಲಿಸಿದ ಟೀಚರ್ ಬಾಯಲ್ಲಿ ಬರಬಾರದ ಮಾತು ಇದು. ಆದರೆ ಇದಕ್ಕಿಂತ ದೊಡ್ಡ ತಪ್ಪೊಂದನ್ನು ಒಪ್ಪಿಕೊಳ್ಳುವುದಿದೆ. ಅದಕ್ಕೇ ಸಣ್ಣದನ್ನು ಮೊದಲು ಹೇಳಿದೆ.

ಹಡಗೆಂದರೆ ಆಕಾಶದ ಹಡಗು. ಇಂಗ್ಲಿಷ್ ಧಾರಾವಾಹಿ, ಆರು ವರ್ಷದಿಂದ ನಡೆಯುತ್ತಿತ್ತು. ನೋಡುವವರು ನಾವು ಮೂವರು: ನಾನು, ಸಿದ್ದಾಪುರದ ಲೈಬ್ರರಿಯಲ್ಲಿರುವ ಮಾಲತಿ, ಯಲ್ಲಾಪುರದ ಹೈವೇ ಪಕ್ಕ ಲಾರಿ ಗ್ಯಾರೇಜು ಇಟ್ಟಿರುವ ಗಣಪಣ್ಣ. ಒಮ್ಮೆ ನಮ್ಮ ಕಾರು ಕೆಟ್ಟು ಅವನ ಗ್ಯಾರೇಜಿನಲ್ಲಿ ನಿಂತಾಗ, ಅವನ ಮೊಬೈಲಿನಲ್ಲಿ ನಮ್ಮ ಹಡಗು ಓಡುತ್ತಿರುವುದನ್ನು ಕಂಡೆ. ಆಮೇಲೆ ಕಾರಿನ ನೆನಪು ಇಬ್ಬರಿಗೂ ಬರಲಿಲ್ಲ.

ನಮ್ಮ ಮಾತು ಕೇಳಿದವರಿಗೆ ಇವರು ಮೇಳದ ಆಟ ನೋಡಿ ಬಂದವರು ಅನ್ನಿಸಬೇಕು. ಈ ಸೀಮೆಯಲ್ಲಿ ಹುಟ್ಟಿದವರ ಹತ್ತಿರ ನಟರನ್ನು ಅಳೆಯಲು ಯಕ್ಷಗಾನ ಬಿಟ್ಟು ಬೇರೆ ಅಳತೆಗೋಲಿಲ್ಲ. ಕ್ಯಾಪ್ಟನ್ನಿನದು ರಾಜವೇಷ. ಮಾತಾಡುವ ಯಂತ್ರ ಹಾಸ್ಯಗಾರ. ಹಸಿರು ಮುಖದ ಚಕ್ರವರ್ತಿಯದು ರಾಕ್ಷಸರ ಬಣ್ಣದ ವೇಷ. ಅವನು ರಂಗಕ್ಕೆ ಬರುವ ಒಡ್ಡೋಲಗ ಮುಗಿಯುವಷ್ಟರಲ್ಲಿ ಅರ್ಧ ಕಂತು ಮುಗಿದಿರುತ್ತಿತ್ತು. ಮೂರನೇ ಸೀಸನ್ನಿನಲ್ಲಿ ಕ್ಯಾಪ್ಟನ್ ಪಾತ್ರಕ್ಕೆ ಹೊಸ ನಟಿ ಬಂದಾಗ ಮಾಲತಿ, "ಅದಕ್ಕೆ ನಿಲ್ಲಲೇ ಬತ್ತಿಲ್ಲೆ, ಇನ್ನು ಹಡಗು ಎಂತ ನಡಸ್ತು?" ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದಳು.

ಗಣಪಣ್ಣನ ಜೀವವೆಲ್ಲ ಇದ್ದದ್ದು ಹಡಗಿನ ಎಂಜಿನ್ ನೋಡಿಕೊಳ್ಳುವ ಮುದುಕನ ಮೇಲೆ. ಕೈಯಲ್ಲಿ ಸದಾ ನಟ್ಟು ಬಿಗಿಯುವ ಪಾನಾ ಇರುವುದರಿಂದ ನಮಗೆ ಅವನು ಪಾನಾ ಅಜ್ಜ. ಅವನ ನಿಜವಾದ ಹೆಸರು ನಮ್ಮ ಮೂವರ ನಾಲಿಗೆಯಲ್ಲೂ ಹೊರಳುವುದಿಲ್ಲ. "ಅಂವ ಆ್ಯಕ್ಟರ್ ಅಲ್ಲ ತಂಗಿ, ಕೆಲಸಗಾರ. ಕೈ ನೋಡಿದ್ರೆ ಗೊತ್ತಾಗ್ತು" ಎನ್ನುತ್ತಿದ್ದ ಗಣಪಣ್ಣ. ಕೊನೆಯ ಸೀಸನ್ನಿನಲ್ಲಿ ಅಜ್ಜ ಕೆಮ್ಮತೊಡಗಿದ. ಧಾರಾವಾಹಿಯಲ್ಲಿ ಕೆಮ್ಮಿದವರು ಬದುಕಿದ್ದುಂಟೆ? ಗಣಪಣ್ಣನಿಗೆ ಊಟ ಸೇರದಾಯಿತು. "ಅಂವ ಹೋದ್ರೆ ಆನು ಅರ್ಧಕ್ಕೇ ಎದ್ದು ಹೋಗ್ತೆ" ಎಂದುಬಿಟ್ಟ.

ಕೊನೆಯ ಕಂತು ಬಂದದ್ದು ಶುಕ್ರವಾರ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಮೂವರೂ ಕೂತು ನೋಡುವುದು, ಅಲ್ಲಿಯವರೆಗೆ ಯಾರೂ ನೋಡಕೂಡದು ಎಂದು ಒಪ್ಪಂದವಾಗಿತ್ತು. ಮಾಲತಿ ಯಾರಾದರೂ ಕಥೆ ಹೇಳಿಬಿಟ್ಟಾರೆಂದು ಫೋನನ್ನೇ ಆರಿಸಿಟ್ಟಳು. ನಾನು ಶುಕ್ರವಾರ ಸಂಜೆಯೇ ನೋಡಿದೆ. ಮೊದಲ ಐದು ನಿಮಿಷ ಮಾತ್ರ ಅಂದುಕೊಂಡೇ ಶುರು ಮಾಡಿದ್ದು. ಹಲಸಿನ ಚಿಪ್ಸಿನ ಡಬ್ಬಕ್ಕೆ ಕೈ ಹಾಕಿದವರೂ ಒಂದೇ ಒಂದು ಎಂದೇ ಹಾಕುವುದು. ಪಕ್ಕದಲ್ಲಿ ಬೀನ್ಸ್ ಮುರಿಯುತ್ತಿದ್ದ ಅತ್ತೆಗೆ ಇಂಗ್ಲಿಷ್ ಬಾರದು. "ಅಂವ ಎಂತ ಹೇಳ್ದ?" ಎಂದು ಕೇಳಿದಾಗಲೆಲ್ಲ ನಾನು ಅರ್ಥ ಹೇಳಿದೆ.

ಭಾನುವಾರ ಗಣಪಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಮಾಲತಿ ಕಾಗದದಂಥ ತೆಳು ಸಿಹಿ ತೊಡೆದೇವು ತಂದಳು. ನಾನು ರಿಮೋಟಿಗೆ ಕೈ ಹಾಕಬೇಕು, ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಕೂತರು.

"ಅಜ್ಜ ಸಾಯ್ತ ಕಡಿಗೆ. ಚೊಲೋ ಸಾಯ್ತ, ನೋಡು ಗಣಪಣ್ಣ."

ಮಾಲತಿಯ ಕೈಯಲ್ಲಿದ್ದ ತೊಡೆದೇವು ಬಾಯಿಗೆ ಹೋಗಲಿಲ್ಲ. ಇಬ್ಬರೂ ಅತ್ತೆಯನ್ನು ನೋಡಿದರು. ಇವರಿಗೆ ಯಾರು ಹೇಳಿದರಪ್ಪಾ ಎನ್ನುವ ಮುಖ ಮಾಡಿಕೊಂಡು ನಾನೂ ಅತ್ತೆಯನ್ನೇ ನೋಡಿದೆ. ಪಾಪ, ಅವರದೇನು ತಪ್ಪು? ಆಟಕ್ಕೆ ಹೋಗುವವರಲ್ಲಿ ಕೊನೆಗೆ ಯಾರು ಬೀಳುತ್ತಾರೆಂದು ಗೊತ್ತಿಲ್ಲದವರು ಯಾರಿದ್ದಾರೆ? ಹೇಗೆ ಬೀಳುತ್ತಾರೆಂದು ನೋಡಲೇ ಜನ ಹೋಗುವುದು. ಅತ್ತೆ ಪಕ್ಕದಲ್ಲಿ ಕೂತವರಿಗೆ ಪ್ರಸಂಗ ತಿಳಿಸಿದರು, ಅಷ್ಟೆ.

ಗಣಪಣ್ಣ ಎದ್ದ. ಬಾಗಿಲವರೆಗೆ ಹೋಗಿ ಚಪ್ಪಲಿಗೆ ಕಾಲು ಹಾಕಿದ. ಆರು ವರ್ಷದ ಗೆಳೆತನ ಹೊಸಿಲು ದಾಟುತ್ತಿದೆ ಅನ್ನಿಸಿತು. ಅವನು ತಿರುಗದೆಯೇ ಕೇಳಿದ:

"ಸಾಯಲೆ ಎಷ್ಟು ಹೊತ್ತು ತಗತ್ತ?"

"ಕಾಲು ತಾಸು ಇದ್ದು" ಎಂದರು ಅತ್ತೆ.

"ಹಾಂಗಾರೆ ಕೂತ್ಕತ್ತೆ."

ಕೂತ. ಕಂತಿನ ಕೊನೆಗೆ ಅಜ್ಜ ಎಂಜಿನ್ ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡ. ಉಳಿದವರೆಲ್ಲ ಹೊರಗೆ, ರಿಪೇರಿ ಮುಗಿದರೆ ಹಡಗು ಉಳಿಯುತ್ತದೆ, ಅವನು ಉಳಿಯುವುದಿಲ್ಲ. ಕೊನೆಯ ನಟ್ಟು ಬಿಗಿದ. ಥಟ್ಟನೆ ಗಣಪಣ್ಣ ಕುರ್ಚಿಯಿಂದ ಎದ್ದು ಕೂಗಿದ: "ನೋಡಿದ್ರ? ಪಾನಾ ಒರೆಸಿ ಅದರ ಜಾಗಕ್ಕೇ ಇಟ್ಟ!"

ಹೌದು, ಇಟ್ಟಿದ್ದ. ಇನ್ನೆರಡು ನಿಮಿಷದಲ್ಲಿ ಸಾಯುವವನು, ಮುಂದೆ ಬರುವವರ ಕೈಗೆ ಸಿಗಲೆಂದು ಪಾನಾ ಒರೆಸಿ ಮೊಳೆಗೆ ತೂಗುಹಾಕಿದ್ದ. ಬದುಕುತ್ತಾನೋ ಸಾಯುತ್ತಾನೋ ಎಂಬ ಗಡಿಬಿಡಿಯಲ್ಲಿ ಶುಕ್ರವಾರ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಕಂಡಿತು; ಕಂಡಿದ್ದೇ ನನಗೆ ಅಳು ಬಂತು. ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ನಮ್ಮ ಅತ್ತೆ ನನ್ನನ್ನು ಆಶ್ಚರ್ಯದಿಂದ ನೋಡಿದರು.

"ಶುಕ್ರವಾರ ನೋಡಿದಾಗ ಅಳ್ಲಿಲ್ಲೆ ನೀನು. ಇವತ್ತೆಂತಕ್ಕೆ?"

ಈ ಸಲ ಇಬ್ಬರೂ ನೋಡಿದ್ದು ನನ್ನನ್ನು. ಬೆಳಕಿಗಿಂತ ವೇಗವಾಗಿ ಓಡಿಹೋಗುವ ಹಡಗೊಂದು ನನಗೆ ತುರ್ತಾಗಿ ಬೇಕಾಗಿತ್ತು. ಗಣಪಣ್ಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನನ್ನ ಪಾಲಿನ ತೊಡೆದೇವನ್ನು ತಟ್ಟೆ ಸಮೇತ ಎತ್ತಿ ಅತ್ತೆಯ ಮುಂದಿಟ್ಟ.

"ತಂಗಿ, ರಿಮೋಟು ಕೊಡು. ಅಜ್ಜ ಸಾಯೋದನ್ನ ಇನ್ನೊಂದ್ಸಲ ನೋಡನ."